ಕೆಂಪಂಗಿಯವನಿಗೆ ಒಂದು ಎಡೆ

ಮೊದಲನೇ ಸಲ ಅವನು ಕಂಡಿದ್ದು ಮೆಟ್ಟಿಲ ತಿರುವಿನಲ್ಲಿ. ಬೆಳಗಿನ ಹೊತ್ತು. ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಾನು ಮೇಲೆ ಹತ್ತುತ್ತಿದ್ದೆ. ಎದುರಿಗೆ ಒಬ್ಬ ಗಂಡಸು ನಿಂತಿದ್ದ. ಕೆಂಪು ಅಂಗಿ, ಬಾಗಿಲಗಲ ಭುಜ, ತಲೆಯ ಮೇಲೆ ಹೆಲ್ಮೆಟ್. ಅಳಿಯ ಅಂದುಕೊಂಡೆ.

"ವಸಿ ಜರುಗಿ ಅಳಿಯಂದಿರೇ" ಅಂದೆ.

ಜರುಗಲಿಲ್ಲ. ಮುಖವನ್ನೂ ಈ ಕಡೆ ತಿರುಗಿಸಲಿಲ್ಲ. ಅಷ್ಟರಲ್ಲಿ ಕೆಳಗೆ ಬಾಗಿಲ ಬೀಗ ತಿರುಗಿದ ಸದ್ದಾಯಿತು. ಅಳಿಯ ಹೊರಗಿನಿಂದ ಬಂದು ಶೂ ಬಿಚ್ಚುತ್ತಾ, "ಅಮ್ಮಾ, ಊಟ ಆಯ್ತಾ?" ಅಂದರು. ಬೆಳಗಾಗಲಿ ಸಂಜೆಯಾಗಲಿ, ಅವರ ಬಾಯಲ್ಲಿ ತಪ್ಪದೆ ಬರುವ ಕನ್ನಡ ಅದೊಂದೇ.

ನಾನು ಮೇಲಿದ್ದವನ ಕಾಲು ನೋಡಿದೆ. ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಇವನ ಪಾದ ಸರಿಯಾಗಿಯೇ ಇತ್ತು. ಆದರೆ ಪಾದದ ಅಡಿಯಲ್ಲಿ ಕತ್ತಿ ಇತ್ತು. ನಾನು ನೋಡುತ್ತಿದ್ದ ಹಾಗೆ ಹೆಜ್ಜೆ ಎತ್ತಿಡದೆ, ಎಣ್ಣೆಯ ಮೇಲೆ ಜಾರಿದ ಹಾಗೆ ಪಕ್ಕಕ್ಕೆ ಜಾರಿ ಗೋಡೆಯೊಳಗೆ ಹೋದ.

ನಾನು ಕಿರುಚಲಿಲ್ಲ. ಬುಟ್ಟಿ ಇಟ್ಟು ಬಟ್ಟೆ ಮಡಿಸಿದೆ.

ಇದನ್ನೆಲ್ಲ ಈಗ ಹೇಳುವುದು ಯಾಕೆಂದರೆ, ನನ್ನ ಹಾಗೆ ಕಣ್ಣು ಹೋಗುತ್ತಿರುವ ಮುದುಕಿಯರು ಎಲ್ಲ ಮನೆಗಳಲ್ಲೂ ಇದ್ದಾರೆ. ಅವರಿಗೂ ಯಾರು ಯಾರೋ ಕಾಣುತ್ತಿರಬಹುದು. ಬಾಯಿ ಬಿಡದೆ ಕೂತಿರುತ್ತಾರೆ. ನಾನೂ ಹಾಗೇ ಕೂತಿದ್ದೆ. ನಾನು ಹೇಳುತ್ತಾ ಹೋದೆ, ಮಗಳು ಬರೆದುಕೊಂಡಳು. ನನ್ನ ಮಾತು ತಿದ್ದಬೇಡ ಅಂದಿದ್ದೇನೆ. ಅಲ್ಲಲ್ಲಿ ತಿದ್ದಿರುತ್ತಾಳೆ, ಅವಳ ಬುದ್ಧಿ ನನಗೆ ಗೊತ್ತು.

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ರಾಮನಗರದ ಫಿಲೇಚರ್ ಕಾರ್ಖಾನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದೆ. ಬಿಸಿನೀರಲ್ಲಿ ಬೆರಳು, ಆವಿಯಲ್ಲಿ ಕಣ್ಣು, ಆಯಸ್ಸೆಲ್ಲ ಅದೇ. ಗಂಡ ಸತ್ತ ಮೇಲೆ ಮಗಳು ಶಶಿ ಡಬ್ಲಿನ್‌ಗೆ ಕರೆಸಿಕೊಂಡಳು. ಅವಳು ಇಲ್ಲಿ ನರ್ಸು. ಮನೆ ಬ್ಲಾಂಚರ್ಡ್ಸ್‌ಟೌನ್‌ನಲ್ಲಿ, ಡ್ಯೂಟಿ ಬ್ಯೂಮಾಂಟ್ ಆಸ್ಪತ್ರೆಯಲ್ಲಿ. ಅವಳು ಮನೆಯಲ್ಲಿರುವುದಕ್ಕಿಂತ ಬಸ್ಸಿನಲ್ಲಿರುವುದೇ ಜಾಸ್ತಿ. ನಮ್ಮ ಬೀದಿಯಲ್ಲಿ ಒಂದು ಮನೆಯ ಹಾಗೇ ಇನ್ನೊಂದು. ಕಣ್ಣು ಚೆನ್ನಾಗಿದ್ದಾಗಲೇ ನಾನು ಪಕ್ಕದ ಮನೆಯ ಬಾಗಿಲಿಗೆ ಕೀ ಹಾಕಿ ಬೈಸಿಕೊಂಡಿದ್ದೇನೆ.

ಅಳಿಯ ಡ್ಯಾನಿ ಕೆನಡಾದವರು, ಐಸ್ ಹಾಕಿ ಆಡುತ್ತಿದ್ದವರು. ಮಂಜುಗಡ್ಡೆಯ ಮೇಲೆ ಕಾಲಿಗೆ ಕತ್ತಿ ಕಟ್ಟಿಕೊಂಡು, ಕೋಲು ಹಿಡಿದು ಒಂದು ಕಪ್ಪು ಬಿಲ್ಲೆಯನ್ನು ಅಟ್ಟಿಸಿಕೊಂಡು ಹೋಗುವ ಆಟ. ಅವರು ಮಗುವಾಗಿದ್ದಾಗ ಅವರಪ್ಪ ಹಿತ್ತಲಿಗೆ ನೀರು ಬಿಟ್ಟು, ಅದು ಹೆಪ್ಪುಗಟ್ಟಿದ ಮೇಲೆ ಮಗನನ್ನು ಅದರ ಮೇಲೆ ನಿಲ್ಲಿಸಿದರಂತೆ. ಮೀಸೆ ಮೂಡುವ ಮೊದಲೇ ಮನೆ ಬಿಟ್ಟು, ಯಾರದೋ ಊರಲ್ಲಿ ಯಾರದೋ ಮನೆಯ ಊಟ ಮಾಡಿಕೊಂಡು ಆಡಿದ್ದಾರೆ. ಆಮೇಲೆ ಸಂಬಳದ ಆಟ. ಬಸ್ಸಲ್ಲಿ ಮಲಗುವುದು, ಬಸ್ಸಲ್ಲಿ ಏಳುವುದು, ಊರಿಂದ ಊರು. ದೊಡ್ಡ ತಂಡದವರು ಕರೆಯಲೇ ಇಲ್ಲ. ಎರಡನೇ ಸಾಲಿನ ತಂಡಗಳಲ್ಲೇ ಹರೆಯ ಕಳೆದು, ಕೊನೆಗೆ ಸಮುದ್ರ ದಾಟಿ ಈ ದ್ವೀಪದ ಉತ್ತರ ಭಾಗಕ್ಕೆ ಬಂದು ಆಡಿದರು. ಅಲ್ಲಿ ಮೊಣಕಾಲು ಮುರಿಯಿತು. ಇಲ್ಲಿ ಡಬ್ಲಿನ್ನಿನ ಸ್ಯಾಂಟ್ರಿ ಕಡೆಯ ಆಸ್ಪತ್ರೆಗೆ ಆಪರೇಷನ್ನಿಗೆ ಬಂದರು. ಆಗ ಅಲ್ಲಿದ್ದ ನರ್ಸು ನನ್ನ ಮಗಳು. ಮೊಣಕಾಲಿಗೆ ಪಟ್ಟಿ ಕಟ್ಟಿದವಳು ಆಮೇಲೆ ಮನುಷ್ಯನನ್ನೇ ಕಟ್ಟಿಕೊಂಡಳು.

ಆದರೆ ಬಿಲ್ಲೆ ಹೊಡೆಯುವುದು ಅವರ ಕೆಲಸವಾಗಿರಲಿಲ್ಲ. ಹೊಡೆದಾಡುವುದು ಅವರ ಕೆಲಸ. ಶಶಿ ಹೇಳಿದಾಗ ನಾನು ನಂಬಲಿಲ್ಲ. ಫೋನಲ್ಲಿ ತೋರಿಸಿದಳು. ಇಬ್ಬರು ಆಟಗಾರರು ಕೈಗವಸು ಕಳಚಿ ಎಸೆದು, ಎಡಗೈಯಲ್ಲಿ ಅಂಗಿ ಹಿಡಿದುಕೊಂಡು ಬಲಗೈಯಲ್ಲಿ ಮುಖಕ್ಕೆ ಗುದ್ದುತ್ತಾರೆ. ಸುತ್ತ ಸಾವಿರ ಜನ ಎದ್ದು ನಿಂತು ಕೂಗುತ್ತಾರೆ.

"ಇದೇನೇ, ಯಾರೂ ಬಿಡಿಸ್ತಾನೇ ಇಲ್ವಲ್ಲ?"

"ಬಿಡಿಸಲ್ಲಮ್ಮ. ಒಬ್ಬ ಬೀಳೋವರ್ಗೂ ನೋಡ್ತಾರೆ."

"ಪೊಲೀಸ್ನೋರು?"

"ಅವರೂ ಟಿಕೆಟ್ ತಗೊಂಡು ಕೂತಿರ್ತಾರೆ."

ಆಗ ಪ್ರತಿ ತಂಡದಲ್ಲೂ ಅಂಥವನೊಬ್ಬ ಇರುತ್ತಿದ್ದನಂತೆ. ತನ್ನ ಕಡೆಯ ಒಳ್ಳೆಯ ಆಟಗಾರನನ್ನು ಯಾರಾದರೂ ಕೆಡವಿದರೆ ಇವನು ಹೋಗಿ ಗುದ್ದಬೇಕು. ಆ ಕಡೆಯಿಂದಲೂ ಅಂಥವನೇ ಬರುತ್ತಾನೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸಿಟ್ಟಿಲ್ಲ. ನಾನು ಹುಂಜದ ಕಾಳಗ ನೋಡಿದ್ದೇನೆ. ಹುಂಜಕ್ಕಾದರೂ ಸಿಟ್ಟಿರುತ್ತದೆ.

ಅದಕ್ಕೇ ಅಳಿಯನ ಮುಂದಿನ ಹಲ್ಲುಗಳು ಅವರವಲ್ಲ. ಮಲಗುವಾಗ ಕಳಚಿ ಲೋಟದಲ್ಲಿಡುತ್ತಾರೆ. ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಅಷ್ಟು ದೊಡ್ಡ ಗಂಡಸು ನನ್ನ ಕೈಗೆ ಕೊಡುತ್ತಾರೆ. ಅವರ ಕೆಂಪು ಅಂಗಿಗೆ ಗಾಜು ಹಾಕಿಸಿ ಮೆಟ್ಟಿಲ ತಿರುವಿನಲ್ಲಿ ನೇತುಹಾಕಿದ್ದಾರೆ. ಕೆಳಗೆ ತಂಡದವರ ಫೋಟೋ. ಆ ಗಾಜನ್ನು ದಿನಾ ಒರೆಸುವವಳು ನಾನು.

ನನ್ನ ಕಣ್ಣು ಹೋಗಿದ್ದು ಒಂದೇ ದಿನಕ್ಕಲ್ಲ. ಮೊದಲು ಬಾಗಿಲ ಚೌಕಟ್ಟು ಸೊಟ್ಟಗೆ ಕಂಡಿತು. ಆಮೇಲೆ ಎದುರಿಗಿದ್ದವರ ಮುಖದ ನಡುವೆ ಬೂದಿ ಮೆತ್ತಿದ ಹಾಗಾಯಿತು. ಸುತ್ತ ಎಲ್ಲ ಕಾಣುತ್ತದೆ, ನಟ್ಟ ನಡುವೆ ಮಾತ್ರ ಇಲ್ಲ. ಮೊಮ್ಮಗಳು ನೀಲಾಳ ಕಿವಿ ಕಾಣುತ್ತಿತ್ತು, ಜಡೆ ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ. ಅಡುಗೆಮನೆಯಲ್ಲಿ ಡಬ್ಬಿಗಳನ್ನು ವಾಸನೆ ನೋಡಿ ಕಂಡುಹಿಡಿಯುತ್ತಿದ್ದೆ. ವಯಸ್ಸಾಯಿತು, ಅದರ ಪಾಡಿಗೆ ಅದು ಹೋಗಲಿ ಅಂದುಕೊಂಡೆ.

ಆದರೆ ಕೆಂಪಂಗಿಯವನ ಸುದ್ದಿ ಹೇಳುವುದು ಹೇಗೆ? ನಮ್ಮತ್ತೆ ಕೊನೆಗಾಲದಲ್ಲಿ ಗೋಡೆ ನೋಡಿ, "ಆ ಮಕ್ಳನ್ನ ಒಳಿಕ್ಕೆ ಕರೀರಿ, ಬಿಸ್ಲಲ್ಲಿ ನಿಂತವೆ" ಅನ್ನುತ್ತಿದ್ದರು. ಅವರ ಕಣ್ಣಲ್ಲೂ ಪೊರೆ ಇತ್ತು. ಗಾಳಿ ಮೆಟ್ಟಿದೆ ಅಂತ ಮನೆಯವರು ಬೇವಿನ ಸೊಪ್ಪಲ್ಲಿ ಹೊಡೆಸಿದರು. ಕಂಬಕ್ಕೆ ಕಟ್ಟಿದರು. ಅದನ್ನು ನಾನು ನೋಡಿದ್ದೇನೆ. ಈ ದೇಶದಲ್ಲಿ ಬೇವಿಲ್ಲ. ಆದರೆ ಹುಚ್ಚರನ್ನು ಇಡುವ ಜಾಗ ಎಲ್ಲ ದೇಶಗಳಲ್ಲೂ ಇರುತ್ತದೆ. ಬಾಯಿ ಮುಚ್ಚಿಕೊಂಡಿದ್ದೆ.

ಅದೇ ಹೊತ್ತಿಗೆ ಅಳಿಯನಿಗೆ ಕಾಯಿಲೆ ಜಾಸ್ತಿಯಾಯಿತು. ತಲೆನೋವು ಮೊದಲಿಂದಲೂ ಇತ್ತು. ಈಗ ಬೆಳಕು ಕಂಡರೆ ಆಗುತ್ತಿರಲಿಲ್ಲ. ಹಗಲೆಲ್ಲ ಪರದೆ ಎಳೆದೇ ಇರಬೇಕು. ಅಂಗಡಿಗೆಂದು ಹೊರಟವರು ಕಾರಲ್ಲಿ ಕೂತು, ಕಾರನ್ನು ಹೊರಡಿಸದೆ ಸ್ಟೇರಿಂಗ್ ಹಿಡಿದುಕೊಂಡೇ ಇರುತ್ತಿದ್ದರು. ಮಾತಿನ ನಡುವೆ ಸುಲಭದ ಪದ ಮರೆತು ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದರು. ಒಂದು ದಿನ ನೀಲಾ ಚಮಚ ಬೀಳಿಸಿದಳು ಅಂತ ಗೋಡೆ ಅದುರುವ ಹಾಗೆ ಕೂಗಿದರು. ಆಮೇಲೆ ಹಿತ್ತಲಲ್ಲಿ ಬೆನ್ನು ತಿರುಗಿಸಿ ನಿಂತು ಅತ್ತರು. ಮಗು ಆ ಕಡೆ ನೋಡಿ, "ಡ್ಯಾಡ್ ಈಸ್ ಗ್ರ್ಯಾಂಡ್, ಅಜ್ಜಿ" ಅಂದಿತು. ಚೆನ್ನಾಗಿದ್ದಾರೆ ಅನ್ನುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ಇಲ್ಲಿಯವರಿಗೆ ಎಲ್ಲವೂ ಗ್ರ್ಯಾಂಡ್. ಹೆಣ ಎತ್ತುವಾಗಲೂ ಗ್ರ್ಯಾಂಡ್ ಅಂತಾರೇನೋ.

ತಲೆಯ ಡಾಕ್ಟರಿಗೆ ತೋರಿಸು ಅಂತ ಶಶಿ ಕೇಳಿದಳು, ಜಗಳವಾಡಿದಳು, ಅತ್ತಳು. ಅವರು ಒಪ್ಪಲಿಲ್ಲ.

ಮನೆ ಕತ್ತಲೆಯಾಯಿತು. ಆ ಕತ್ತಲೆ ಅವರಿಗೆ ಬೇಕಾಗಿತ್ತು, ನನಗೆ ತಾನಾಗಿಯೇ ಬರುತ್ತಿತ್ತು. ಕೆಂಪಂಗಿಯವನಿಗೆ ಅದು ಅನುಕೂಲವೇ ಆಯಿತು. ಮೆಟ್ಟಿಲಿಂದ ಕೆಳಗಿಳಿದ. ಅಳಿಯ ಟೀವಿ ಹಾಕದೆ ಸೋಫಾದಲ್ಲಿ ಕೂತಿರುವಾಗ ಹಿಂದೆ ನಿಲ್ಲುತ್ತಿದ್ದ. ಯಾವಾಗಲೂ ಹಿಂದೆ. ಒಮ್ಮೊಮ್ಮೆ ಇನ್ನಿಬ್ಬರು ಮೂವರನ್ನು ಕರೆದುಕೊಂಡು ಬರುತ್ತಿದ್ದ. ಅವರು ಸದ್ದಿಲ್ಲದೆ ಕೋಣೆಯನ್ನು ಸುತ್ತು ಹಾಕುತ್ತಿದ್ದರು. ಇವನು ಮಾತ್ರ ಸುತ್ತುತ್ತಿರಲಿಲ್ಲ. ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ.

ಒಂದು ದಿನ ತಡೆಯಲಾರದೆ ಶಶಿಯನ್ನು ಮೆಟ್ಟಿಲ ಹತ್ತಿರ ಕರೆದೆ. "ಈ ಫೋಟೋದಾಗೆ ಯಾರಾದ್ರೂ ಸತ್ತೋಗವ್ರಾ?" ಅಂದೆ.

"ಯಾಕಮ್ಮ?"

"ಕೇಳಿದ್ದಕ್ಕೆ ಹೇಳು."

ಅವಳು ಬೆರಳಿಟ್ಟ ಕಡೆ ನನಗೆ ಬೂದಿಯೇ ಕಂಡಿದ್ದು. ಅವನ ಹೆಸರು ಗ್ಲೆನ್ ಅಂದಳು. ಅವನದೂ ಗುದ್ದುವ ಕೆಲಸವೇ. ಮೊದಲು ಎದುರು ತಂಡದಲ್ಲಿದ್ದವನು ಆಮೇಲೆ ಇವರ ತಂಡಕ್ಕೆ ಬಂದ. ಊರಿಂದ ಊರಿಗೆ ಹೋದಾಗ ಇಬ್ಬರಿಗೂ ಒಂದೇ ಕೋಣೆ. ಆಟ ಬಿಟ್ಟ ಮೇಲೆ ಅವನಿಗೆ ತಲೆನೋವು ಬಂತು, ಬೆಳಕು ಆಗದೆ ಹೋಯಿತು, ಹೆಂಡತಿ ಮಕ್ಕಳ ಮೇಲೆ ಕೂಗಾಡಿದ. ಒಂದು ದಿನ ತನ್ನ ಜೀವ ತಾನೇ ಕಳೆದುಕೊಂಡ.

"ಡಾಕ್ಟ್ರಿಗೆ ತೋರಿಸಿರಲಿಲ್ವಾ?"

"ಅವನೂ ಒಪ್ಪಿರಲಿಲ್ಲ."

ನನಗೆ ಲೆಕ್ಕ ಸರಿಹೋಯಿತು. ಸತ್ತವನು ಜೊತೆಗಾರನನ್ನು ಕರೆದುಕೊಂಡು ಹೋಗಲು ಬಂದಿದ್ದಾನೆ. ಕಾಯುತ್ತಿದ್ದಾನೆ.

ನಮ್ಮಲ್ಲಿ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಅವರು ಏನು ತಿನ್ನುತ್ತಿದ್ದರೋ ಅದನ್ನೇ ಇಡಬೇಕು. ಮಾಂಸ ತಿನ್ನುತ್ತಿದ್ದರೆ ಮಾಂಸ, ಬೀಡಿ ಸೇದುತ್ತಿದ್ದರೆ ಬೀಡಿ. ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಹೋಗಬೇಕು. ಅವರು ಬಂದು ಉಣ್ಣುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು, ಉಣ್ಣುವವರ ಮುಂದೆ ಧುತ್ತನೆ ಹೋಗಿ ನಿಲ್ಲಬಾರದು. ಹೊಟ್ಟೆ ತುಂಬಿದ ಸತ್ತವರು ಯಾರನ್ನೂ ಕಾಡುವುದಿಲ್ಲ. ನಾನು ನಂಬಿದ್ದು ಅಷ್ಟು.

ಆ ವರ್ಷ ಏಷ್ಯನ್ ಅಂಗಡಿಯ ಫ್ರೀಜರಿನಿಂದ ತಂದ ಬಾಳೆಎಲೆಯಲ್ಲಿ ಎರಡು ಎಡೆ ಹಾಕಿದೆ. ಒಂದು ಕೆಳಗಿನ ಕೋಣೆಯಲ್ಲಿ ನನ್ನ ಗಂಡನಿಗೆ. ಇನ್ನೊಂದು ಮೆಟ್ಟಿಲ ತಿರುವಿನಲ್ಲಿ, ಕೆಂಪು ಅಂಗಿಯ ಅಡಿಯಲ್ಲಿ. ಮುದ್ದೆ, ಮೂಳೆ ಮಾಂಸದ ಸಾರು, ಬೇಯಿಸಿದ ಮೊಟ್ಟೆ. ಶಶಿಯೂ ನೀಲಾಳೂ ಶಾಪಿಂಗ್ ಸೆಂಟರಿಗೆ ಹೋಗಿದ್ದರು. ಅಳಿಯ ಕಾರಲ್ಲಿದ್ದರು. ನಾನು ಹಿತ್ತಲಿಗೆ ಹೋಗಿ ನಿಂತೆ.

ಅಳಿಯನಿಗೆ ಚಳಿ ಆಗಿರಬೇಕು. ಮುಂದಿನ ಬಾಗಿಲಿಂದ ಒಳಗೆ ಬಂದುಬಿಟ್ಟರು.

ನಾನು ಓಡಿ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಎಲೆಯ ಮುಂದೆ ಕೂತಿದ್ದರು. ಮಾವನಿಗೆ ಇಡುವ ಎಡೆಯನ್ನು ಅವರು ಹಿಂದಿನ ವರ್ಷಗಳಲ್ಲಿ ನೋಡಿದ್ದರು. ಅದರ ಅರ್ಥ ಗೊತ್ತಿತ್ತು. ಎಲೆ ತೋರಿಸಿ, "ಹೂ ಈಸ್ ಇಟ್ ಫಾರ್, ಅಮ್ಮಾ?" ಅಂದರು. ನಾನು ಫೋಟೋ ತೋರಿಸಿದೆ.

"ಗ್ಲೆನ್" ಅಂದೆ.

ನನಗೆ ಇಂಗ್ಲಿಷಿನಲ್ಲಿ ಬರುವ ಪದಗಳನ್ನೆಲ್ಲ ಒಟ್ಟುಮಾಡಿ, "ರೆಡ್ ಶರ್ಟ್. ಡೈಲಿ. ಸ್ಟ್ಯಾಂಡಿಂಗ್. ಯುವರ್ ಬ್ಯಾಕ್" ಅಂದೆ.

ಬೇರೆಯವರಾಗಿದ್ದರೆ ನಗುತ್ತಿದ್ದರು. ಅವರು ತಿರುಗಿ ಹಿಂದೆ ನೋಡಿದರು. ಆಮೇಲೆ ಎಲೆಯಿಂದ ಮೂಳೆ ಎತ್ತಿ, ತಲೆಯಾಡಿಸಿ, ಪಕ್ಕಕ್ಕಿಟ್ಟರು. "ನೋ. ಟೂ ಹಾರ್ಡ್" ಅಂದರು. ತಮ್ಮ ಬಲಗೈ ಮುಷ್ಟಿಯನ್ನು ಮಡಚುವಷ್ಟು ಮಡಚಿ ತಮ್ಮದೇ ದವಡೆಗೆ ಮುಟ್ಟಿಸಿ ತೋರಿಸಿದರು. ಎದುರು ತಂಡದಲ್ಲಿದ್ದಾಗ ಗ್ಲೆನ್‌ನ ದವಡೆ ಮುರಿದದ್ದು ಆ ಕೈ. ತಂತಿ ಹಾಕಿ ಕಟ್ಟಿದರೂ ಸರಿಯಾಗಿ ಕೂಡಲಿಲ್ಲ. ಅವನು ಸಾಯುವವರೆಗೂ ಗಟ್ಟಿಯಾದದ್ದನ್ನು ಅಗಿಯಲಿಲ್ಲ. ಅದನ್ನೆಲ್ಲ ಶಶಿ ಆಮೇಲೆ ಬಿಡಿಸಿ ಹೇಳಿದಳು. ಆಗ ನನಗೆ ತಿಳಿದದ್ದು ಮುಷ್ಟಿ ಮತ್ತು ದವಡೆ, ಅಷ್ಟೇ. ಅಷ್ಟು ಸಾಕಾಗಿತ್ತು.

ಸಂಜೆ ಅಳಿಯನಿಂದ ಎಲ್ಲ ಕೇಳಿ ತಿಳಿದ ಮಗಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮುಖದ ಮುಂದೆ ಬೆರಳು ಹಿಡಿದಳು.

"ಎಷ್ಟಮ್ಮ?"

"ನಿನ್ ಬೆರಳು ಎಷ್ಟಿದ್ರೆ ನಂಗೇನು?"

"ಅಮ್ಮಾ! ನಾನು ದಿನಾ ಬೇರೆಯವರ ಕಣ್ಣಿಗೆ ಡ್ರಾಪ್ಸ್ ಹಾಕ್ತೀನಿ. ನಮ್ಮನೇಲೇ ನೀನು ಕಾಣದೆ ಗೋಡೆ ಸವರ್ಕೊಂಡು ಓಡಾಡ್ತಿದ್ದೀಯ. ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ಕಂಬಕ್ಕೆ ಕಟ್ತೀರ ಅಂತ."

ಅವಳು ನಕ್ಕಳು. ನಗುತ್ತಲೇ ಅತ್ತಳು. ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ, ಒಳಗೆ ಹೋಗಿ ಪಾತ್ರೆ ತೊಳೆದೆ.

ಕಣ್ಣಾಸ್ಪತ್ರೆಗೆ ಹೋಗುವ ದಿನ ಶಶಿಗೆ ರಜೆ ಸಿಗಲಿಲ್ಲ. ಅಳಿಯ ಕರೆದುಕೊಂಡು ಹೋದರು. ಇಬ್ಬರೂ ಬಸ್ಸಲ್ಲಿ ಹೋದೆವು, ಇಬ್ಬರಿಗೂ ಕಪ್ಪು ಕನ್ನಡಕ. ಎದುರಿಗೆ ಕೂತಿದ್ದವನು ನಮ್ಮಿಬ್ಬರನ್ನು ನೋಡಿ ಏನೋ ಅಂದ, ಅಳಿಯ ನಕ್ಕರು. ಎಷ್ಟು ಕಾಲವಾಗಿತ್ತೋ ಅವರು ನಕ್ಕು.

ಕಾಯುವ ಕೋಣೆಯಲ್ಲಿ ಎಲ್ಲರೂ ಗೋಡೆಗೆ ಬೆನ್ನು ಹಾಕಿ ಕೂತಿದ್ದರು. ಕಣ್ಣಿಗೆ ಹಾಕಿದ ಹಳದಿ ಹನಿ ಕೆನ್ನೆಗೆ ಇಳಿದಿರುವ ಮುದುಕರು, ಮುದುಕಿಯರು. ಯಾರೂ ಯಾರನ್ನೂ ನೋಡುವ ಹಾಗಿಲ್ಲ, ನೋಡಲು ಕಣ್ಣಿಲ್ಲ. ಹೆಸರು ಕೂಗಿದಾಗ ಎಲ್ಲರೂ ತಮ್ಮದೇ ಅಂತ ಏಳುತ್ತಾರೆ, ಮತ್ತೆ ಕೂರುತ್ತಾರೆ. ನನ್ನ ಹೆಸರನ್ನು ಆ ಹುಡುಗಿ ಹೇಗೆ ಕೂಗಿದಳೋ, ಅದು ನಾನೇ ಅಂತ ಅಳಿಯ ಎಬ್ಬಿಸಬೇಕಾಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನಗೆ ಕನ್ನಡ ಬಿಟ್ಟು ಬೇರೆ ಬಾರದು ಅಂತ ಫೋನಿಗೆ ಯಾರನ್ನೋ ಹಿಡಿದರು. ಫೋನಿನೊಳಗಿಂದ ಮಂಗಳೂರು ಕಡೆಯ ಹೆಣ್ಣುಮಗಳು ಮಾತಾಡಿದಳು. ಡಾಕ್ಟರು ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳುವುದು ಅವಳ ಕೆಲಸ.

"ನಮಸ್ಕಾರ ಅಮ್ಮ. ಡಾಕ್ಟರ್ ಕೇಳ್ತಾ ಇದ್ದಾರೆ, ಇಲ್ಲದ್ದು ಎಂತಾದರೂ ಕಾಣ್ತದಾ ನಿಮಗೆ?"

"ಇಲ್ದೇ ಇರೋದು ಅಂತ ನಂಗೆಂಗವ್ವ ಗೊತ್ತಾಗ್ಬೇಕು? ಐತೆ ಅಂತ್ಲೇ ತಾನೇ ಕಾಣೋದು?"

"ಹೌದಲ್ವಾ" ಅಂದಳು. "ಇದನ್ನು ನಾನು ಇಂಗ್ಲಿಷಲ್ಲಿ ಹೇಗೆ ಹೇಳೂದು ಮಾರಾಯ್ರೇ?"

ಅವಳ ಕನ್ನಡ ಕೇಳಿ ನನಗೆ ಊರಿಗೆ ಹೋದ ಹಾಗಾಯಿತು. ಎದೆಯಲ್ಲಿದ್ದದ್ದನ್ನೆಲ್ಲ ಹೇಳಿದೆ. ಕೆಂಪಂಗಿ, ಹೆಲ್ಮೆಟ್, ಕಾಲಡಿಯ ಕತ್ತಿ.

"ಅವ ಮಾತಾಡ್ತಾನಾ ಅಮ್ಮ?"

"ಇಲ್ಲ."

"ನಿಮ್ಮನ್ನು ಕರೀತಾನಾ?"

"ನನ್ನ ಯಾಕವ್ವ ಕರೀತಾನೆ. ಅವನು ಬಂದಿರೋದು ನಮ್ಮ ಅಳಿಯಂದಿರಿಗೆ. ಅವನ್ದೂ ಇದೇ ತಲೆನೋವೇ. ಅವನೂ ಡಾಕ್ಟ್ರತ್ರ ಹೋಗ್ನಿಲ್ಲ, ಸತ್ತ. ಈಗ ಇವರ್ನ ಕರ್ಕೊಂಡೋಗಾಕೆ ಬಂದವ್ನೆ. ನಂಗೆ ಕಣ್ಣು ಬೇಡ ಅಂತ ಹೇಳು ಆ ಡಾಕ್ಟ್ರಮ್ಮಂಗೆ. ಅವನ್ನ ಕಳ್ಸೋದಕ್ಕೇನಾದ್ರೂ ಔಷ್ದಿ ಐತಾ ಕೇಳು."

ಫೋನಿನ ಹುಡುಗಿ ಒಂದೊಂದೇ ಮಾತಾಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಹೇಳುವುದೇ ಅವಳ ಕೆಲಸ. ನನಗೆ ಆಗ ಹೊಳೆಯಿತು. ಅಳಿಯ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಕನ್ನಡದವಳೊಬ್ಬಳು ಸಿಕ್ಕಳು ಅಂತ ನಾನು ಮನೆಯ ಜಗಲಿಯಲ್ಲಿ ಕೂತವಳ ಹಾಗೆ ಮಾತಾಡಿದ್ದೆ. ಅವನು ಕರೆದುಕೊಂಡು ಹೋಗಲು ಬಂದಿದ್ದಾನೆ ಅನ್ನುವ ಯಾವ ಮಾತನ್ನು ಅಷ್ಟು ದಿನ ಮಗಳಿಗೂ ಹೇಳದೆ ನುಂಗಿಕೊಂಡಿದ್ದೆನೋ ಅದನ್ನು ಒಬ್ಬಳು ಗುರುತಿಲ್ಲದ ಹುಡುಗಿ ಅವರ ಕಿವಿಗೆ, ಅವರದೇ ಭಾಷೆಯಲ್ಲಿ ಹಾಕುತ್ತಿದ್ದಳು. "ಸಾಕು ಬಿಡವ್ವ, ಸಾಕು" ಅಂದೆ. ಅವಳು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದಳು.

ಅಳಿಯ ಅಲುಗಲಿಲ್ಲ. ಅವರ ಮುಖ ನನಗೆ ಬೂದಿ. ಮಂಡಿಯ ಮೇಲಿದ್ದ ಕೈ ಮಾತ್ರ ಅಂಚಲ್ಲಿ ಕಾಣುತ್ತಿತ್ತು. ಆ ಸೊಟ್ಟ ಬೆರಳುಗಳು ಮಡಚಲು ನೋಡುತ್ತಿದ್ದವು, ಆಗುತ್ತಿರಲಿಲ್ಲ.

ಡಾಕ್ಟರಮ್ಮ ನಗಲಿಲ್ಲ, ಹುಚ್ಚಿ ಅನ್ನಲಿಲ್ಲ. ಇದು ಕಣ್ಣಿನದೇ ಒಂದು ಕಾಯಿಲೆ ಅಂದರು. ಕಣ್ಣು ಕೊಡುವುದು ನಿಂತ ಮೇಲೆ ತಲೆ ಸುಮ್ಮನಿರುವುದಿಲ್ಲವಂತೆ. ಖಾಲಿಯಾದ ಜಾಗಕ್ಕೆ ತನ್ನಲ್ಲಿರುವುದನ್ನೇ ತಂದು ಹಾಕಿಕೊಳ್ಳುತ್ತದಂತೆ. ಅದಕ್ಕೆ ಯಾರದೋ ಹೆಸರಿಟ್ಟಿದ್ದಾರೆ. ನನಗೆ ನಾಲಿಗೆ ಹೊರಳಲಿಲ್ಲ, ಇಲ್ಲಿ ಬರೆಸುವುದೂ ಬೇಡ. ದಿನಾ ಒರೆಸುತ್ತಿದ್ದ ಅಂಗಿಯನ್ನೇ ನನ್ನ ತಲೆ ತಂದು ನಿಲ್ಲಿಸಿತ್ತು.

"ಹಂಗಾದ್ರೆ ನನ್ ಗಂಡ ಯಾಕೆ ಕಾಣಾಕಿಲ್ಲ?" ಅಂದೆ.

ಫೋನಿನ ಹುಡುಗಿ ಕೇಳಿ ಹೇಳಿದಳು. "ನಮಗೆ ಬೇಕಾದವರನ್ನು ಆರಿಸಿಕೊಳ್ಳಲಿಕ್ಕೆ ಆಗೂದಿಲ್ಲವಂತೆ ಅಮ್ಮ."

ಅಷ್ಟು ವರ್ಷ ಬೇಯಿಸಿ ಹಾಕಿದವಳಿಗೆ ಗಂಡ ಕಾಣುವುದಿಲ್ಲ, ಮಾತೂ ಆಡಿರದ ಯಾವನೋ ಕಾಣುತ್ತಾನೆ. ಕಾಯಿಲೆಗೂ ನ್ಯಾಯ ಇಲ್ಲ.

ಒಂದು ಕಣ್ಣು ಮುಗಿದಿತ್ತು. ಇನ್ನೊಂದನ್ನು ಇದ್ದಷ್ಟಕ್ಕೆ ನಿಲ್ಲಿಸಬೇಕಾದರೆ ಸೂಜಿ ಹಾಕಬೇಕು. ಕೈಗಲ್ಲ, ಕಣ್ಣಿಗೇ. ಗೂಡಿನೊಳಗೆ ಜೀವವಿದ್ದ ಹುಳುಗಳನ್ನು ಬೇಯಿಸಿ ಬದುಕಿದವಳು ನಾನು. ಆ ಸೂಜಿಗೆ ಕಾಯುವಾಗ ಅವೆಲ್ಲ ನೆನಪಾದವು. ಪಕ್ಕದಲ್ಲಿ ಇಲ್ಲಿಯವಳೇ ಒಬ್ಬ ಮುದುಕಿ ಜಪಮಾಲೆ ಹಿಡಿದು ಕೂತಿದ್ದಳು. ಹೆಸರು ಬ್ರೀಡಾ. ಅಳಿಯ ಅವಳ ಜೊತೆ ಏನೇನೋ ಮಾತಾಡಿ, ನನ್ನ ಕಡೆ ಬಾಗಿ, ತಮಗೆ ಬರುವ ಕನ್ನಡದಲ್ಲಿ ಹೇಳಿದರು.

"ಅಮ್ಮಾ, ಇವರಿಗೂ ಜನ. ಚಿಕ್ಕ ಜನ. ಗೋಡೆ ಮೇಲೆ. ಟೋಪಿ."

"ಎಷ್ಟ್ ದಿನದಿಂದ್ಲಂತೆ?"

"ತುಂಬಾ. ಯಾರಿಗೂ ಹೇಳಲ್ಲ. ಪಾದ್ರಿಗೆ ಮಾತ್ರ."

ಆ ಮುದುಕಿ ಕತ್ತಲಲ್ಲಿ ತಡವಿದ ಹಾಗೆ ತಡವಿ ನನ್ನ ಮೊಣಕೈ ಹಿಡಿದುಕೊಂಡಳು. ಅವಳ ಭಾಷೆ ನನಗೆ ಬಾರದು, ನನ್ನ ಭಾಷೆ ಅವಳಿಗೆ ಬಾರದು. ಹೆಸರು ಕೂಗುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ನನಗೆ ಸಿಕ್ಕ ಔಷಧಿಗಳಲ್ಲಿ ಅದನ್ನೂ ಸೇರಿಸುತ್ತೇನೆ.

ಸೂಜಿ ಅಂದುಕೊಂಡಷ್ಟಿರಲಿಲ್ಲ. ಒತ್ತಿದ ಹಾಗಾಗುತ್ತದೆ, ಕಪ್ಪು ಗುಳ್ಳೆ ತೇಲುತ್ತದೆ, ಮುಗಿಯುತ್ತದೆ. ಹೆದರುವವರಿಗೆ ಹೇಳುತ್ತೇನೆ, ಹೋಗಿ ಹಾಕಿಸಿಕೊಳ್ಳಿ. ಅಳಿಯ ಕೈ ಹಿಡಿದುಕೊಂಡಿದ್ದರು. ನಮ್ಮಲ್ಲಿ ಅತ್ತೆ ಅಳಿಯನ ಎದುರು ಕೂರುವುದಿಲ್ಲ, ಕೈ ಹಿಡಿಯುವುದು ದೂರದ ಮಾತು. ಹಿಡಿದುಕೊಂಡೆ.

ವಾಪಸು ಬರುವಾಗ ಬಸ್ ಸ್ಟಾಪಿನಲ್ಲಿ ಅವರು ನನ್ನ ಕಡೆ ತಿರುಗದೆಯೇ, "ಡಾಕ್ಟರ್. ನ‌ನಗೆ. ಓಕೆ" ಅಂದರು.

ಅವರ ಪರೀಕ್ಷೆಗೆ ನಾನೂ ಹೋದೆ. ಒಳಗೆ ಬಿಡಲಿಲ್ಲ, ಹೊರಗೆ ಕೂತಿದ್ದೆ. ದೊಡ್ಡ ಕೊಳವೆಯೊಳಗೆ ಮಲಗಿಸಿ ತಲೆಯ ಚಿತ್ರ ತೆಗೆದರು. ಡಾಕ್ಟರು ಕೆಲವು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿ ಅಂದರಂತೆ. ಇವರಿಗೆ ಬಂದದ್ದು ಒಂದೇ. ಹೊರಗೆ ಬಂದಾಗ ಅಂಗಿಯೆಲ್ಲ ಬೆವರು. ಅಷ್ಟು ಜನರೆದುರು ಗುದ್ದಾಡಿದ ಮನುಷ್ಯ ಒಂದು ಪದಕ್ಕೆ ಹೆದರಿ ಬೆವೆತಿದ್ದರು.

ಖಚಿತವಾಗಿ ಏನು ಅಂತ ಯಾರೂ ಹೇಳಲಿಲ್ಲ. ತಲೆಗೆ ಪೆಟ್ಟು ಬಿದ್ದು ಬಿದ್ದು ಒಳಗೆ ಏನೋ ಆಗಿರಬಹುದು. ಹಾಗೆ ಪೆಟ್ಟು ತಿಂದವರಿಗೆ ಬರುವ ಕಾಯಿಲೆಯೊಂದಿದೆಯಂತೆ, ಅದೇ ಹೌದೋ ಅಲ್ಲವೋ ಅನ್ನುವುದು ಸತ್ತ ಮೇಲೆ ತಲೆ ಬಿಚ್ಚಿ ನೋಡಿದರೆ ಮಾತ್ರ ಗೊತ್ತಾಗುವುದಂತೆ. ಇದನ್ನು ಶಶಿ ಹೇಳಿದಾಗ ಅಳಿಯ, "ಐ ಕ್ಯಾನ್ ವೇಟ್" ಅಂದರು. ಶಶಿ ಕೈಯಲ್ಲಿದ್ದ ಟವೆಲ್ ಎಸೆದಳು. ನಿದ್ದೆಗೆ ಮಾತ್ರೆ ಕೊಟ್ಟಿದ್ದಾರೆ, ತಲೆನೋವಿಗೆ ಬೇರೆ. ಮಾತಾಡಿಸುವ ಡಾಕ್ಟರೊಬ್ಬರ ಹತ್ತಿರ ವಾರವಾರ ಹೋಗಿ ಮಾತಾಡುತ್ತಾರೆ. ಕಾರಲ್ಲಿ ಕೂರುವುದು ಕಡಿಮೆಯಾಗಿದೆ, ನಿಂತಿಲ್ಲ. ಕೆಟ್ಟ ದಿನ ಬಂದರೆ ತಾವೇ ಬಂದು ಶಶಿಗೆ ಹೇಳುತ್ತಾರೆ. ಅವಳಿಲ್ಲದಿದ್ದರೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದು ನಿಲ್ಲುತ್ತಾರೆ. ನಾನು ಬೆಳ್ಳುಳ್ಳಿ ಕೊಡುತ್ತೇನೆ, ಸುಲಿಯುತ್ತಾರೆ. ಕೆಟ್ಟ ದಿನಗಳ ಬೆಳ್ಳುಳ್ಳಿ ಒಂದು ಡಬ್ಬಿ ತುಂಬ ಇದೆ.

ಕೆಂಪಂಗಿಯವನು ಈಗಲೂ ಬರುತ್ತಾನೆ. ಬಂದಾಗ ಕಣ್ಣನ್ನು ಆ ಕಡೆ ಈ ಕಡೆ ಹೊರಳಿಸು, ದೀಪ ಹಾಕು ಅಂದಿದ್ದಾರೆ. ಹಾಗೆ ಮಾಡಿದರೆ ಒಮ್ಮೊಮ್ಮೆ ಹೋಗುತ್ತಾನೆ. ಅವನು ನನ್ನ ಕಣ್ಣಿನ ಕಾಯಿಲೆ ಅಂತ ನನಗೆ ಗೊತ್ತು. ಗೊತ್ತಿದ್ದರೂ ಅಳಿಯ ಸೋಫಾದಲ್ಲಿ ಕೂತಾಗ ಮೊದಲು ಅವರ ಹಿಂದೆ ನೋಡುತ್ತೇನೆ. ಆ ಅಭ್ಯಾಸಕ್ಕೆ ಔಷಧಿ ಕೊಟ್ಟಿಲ್ಲ.

ಈ ಸಲ ಪಕ್ಷ ಬಂತು. ನಾನು ಒಂದೇ ಎಲೆ ತರಿಸಿದ್ದೆ, ಗಂಡನಿಗೆ. ಗ್ಲೆನ್ ದೆವ್ವವಲ್ಲ ಅಂದ ಮೇಲೆ ಅವನಿಗ್ಯಾಕೆ ಎಡೆ?

ಎಲೆ ತೊಳೆಯುತ್ತಿದ್ದಾಗ ಅಳಿಯ ಬಂದು ನಿಂತರು. ನಾನು ಬೆಳ್ಳುಳ್ಳಿ ಹುಡುಕಿದೆ. ಬೇಡ ಅಂತ ತಲೆಯಾಡಿಸಿ ಚಾಕು ತೆಗೆದುಕೊಂಡು ಬಾಳೆಎಲೆಯನ್ನು ಎರಡು ಮಾಡಿದರು. ಬ್ರೆಡ್ಡಿನ ಅಂಚುಗಳನ್ನೆಲ್ಲ ಕತ್ತರಿಸಿ ತೆಗೆದು, ಮೆತ್ತಗಿರುವ ನಡುಭಾಗಕ್ಕೆ ಕಡಲೆಕಾಯಿ ಬೆಣ್ಣೆ ಸವರಿದರು. ಆಟಕ್ಕೆ ಇಳಿಯುವ ಮೊದಲು ಅವನು ತಿನ್ನುತ್ತಿದ್ದದ್ದು ಅದೊಂದೇ ಅಂತ ಶಶಿ ಹೇಳಿದಳು. ಮಗುವಿಗೆ ಮಾಡುವ ಹಾಗೆ ಸಣ್ಣ ಸಣ್ಣ ತುಂಡು ಮಾಡಿ ಅರ್ಧ ಎಲೆಯ ಮೇಲಿಟ್ಟು ತಾವೇ ಮೆಟ್ಟಿಲ ತಿರುವಿಗೆ ಒಯ್ದರು.

ಎಲ್ಲರೂ ಹೊರಗೆ ಬಂದು ಹಿತ್ತಲ ಬಾಗಿಲು ಹಾಕಿಕೊಂಡೆವು. ಜಿನುಗು ಮಳೆ. ಶಶಿ ಸೆರಗಿನ ಬದಲು ಜಾಕೆಟ್ಟನ್ನು ತಲೆಗೆಳೆದುಕೊಂಡಳು. ನೀಲಾ ಅವಳಿಗೆ ಒರಗಿ ನಿಂತಳು. ನನ್ನ ಸೀರೆ ಒದ್ದೆಯಾಯಿತು. ನನ್ನ ಗಂಡ ಗಬಗಬ ತಿನ್ನುವವರು, ಅವರದು ಯಾವತ್ತೋ ಮುಗಿದಿರುತ್ತದೆ ಅಂದುಕೊಂಡು ಬಾಗಿಲು ತಟ್ಟಲು ಕೈ ಎತ್ತಿದೆ.

ಅಳಿಯ ನನ್ನ ಕೈ ಹಿಡಿದು ನಿಲ್ಲಿಸಿದರು.

"ಇರಿ ಅಮ್ಮಾ" ಅಂದರು. "ಅವನು ತಿನ್ನೋದು ನಿಧಾನ."